ಬ್ಯಾಂಕ್ ಕೆಲಸ ಬಿಟ್ಟು ಪೂರ್ತಿ ತರಬೇತಿಗೇ ಇಳಿಯಬಹುದೇ? ಮುಂಬಯಿಯವರು ಹೇಳಿ

ಡೊಂಬಿವಲಿ ಲೋಕಲ್
ಎಲ್ಲರಿಗೂ ನಮಸ್ಕಾರ. ಸರ್ಕಾರಿ ಬ್ಯಾಂಕೊಂದರಲ್ಲಿ ಅಧಿಕಾರಿಯಾಗಿದ್ದೇನೆ, ವಯಸ್ಸು ಐವತ್ತರ ಹತ್ತಿರ. ಊರು ಕುಂದಾಪುರದ ಕಡೆ, ಇರುವುದು ಡೊಂಬಿವಲಿಯಲ್ಲಿ. ಕೆಲವು ವರ್ಷಗಳಿಂದ ಭಾನುವಾರ ಬೆಳಗ್ಗೆ ನಮ್ಮ ಸಂಘದ ಸಭಾಗೃಹದಲ್ಲಿ ತರಗತಿ ನಡೆಸುತ್ತಿದ್ದೇನೆ. ಸಂದರ್ಶನಕ್ಕೆ ಹೋಗುವವರು, ಮೈಕ್ ಕಂಡರೆ ಬೆವರುವವರು, ಕಚೇರಿಯ ಸಭೆಯಲ್ಲಿ ವಿಷಯ ಗೊತ್ತಿದ್ದೂ ಬಾಯಿ ಬಿಡದವರು ಬರುತ್ತಾರೆ. ಶುಲ್ಕವಿಲ್ಲ. ಒಬ್ಬೊಬ್ಬರೂ ಎದ್ದು ನಿಂತು ಮಾತನಾಡಬೇಕು, ಆಮೇಲೆ ಪಕ್ಕಕ್ಕೆ ಕರೆದು ನಾನು ಎರಡು ಮಾತು ಹೇಳುತ್ತೇನೆ. ಇಷ್ಟೇ.

ವಾರವಿಡೀ ಸಾಲದ ಕಡತಗಳ ನಡುವೆ ಗಡಿಯಾರ ನೋಡುತ್ತಾ ಕೂರುವ ನನಗೆ ಭಾನುವಾರ ಊಟದ ಹೊತ್ತು ಮೀರಿದ್ದೂ ತಿಳಿಯುವುದಿಲ್ಲ. ತನ್ನ ಹೆಸರು ಹೇಳಲೂ ತಡವರಿಸುತ್ತಿದ್ದ ಹುಡುಗಿಯೊಬ್ಬಳು ಈಚೆಗೆ ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ಎದುರಾಳಿಯನ್ನು ತಡೆದು, ‘ನೀವು ಹೇಳಿದ ಅಂಕಿ ತಪ್ಪು’ ಎಂದಳಂತೆ. ಬಹುಮಾನ ಬರಲಿಲ್ಲ. ಆದರೂ ನನಗೆ ಬಡ್ತಿ ಸಿಕ್ಕಾಗಲೂ ಅಷ್ಟು ಖುಷಿಯಾಗಿರಲಿಲ್ಲ. ಇನ್ನು ಉಳಿದ ಆಯುಷ್ಯಕ್ಕೆಲ್ಲ ಇದೇ ನನ್ನ ಕೆಲಸ ಎಂದು ಅನ್ನಿಸಿಬಿಟ್ಟಿದೆ. ಸ್ವಯಂ ನಿವೃತ್ತಿ ಪಡೆದು ಪೂರ್ತಿ ಇದಕ್ಕೇ ಇಳಿಯಬಹುದೇ? ಮಗ ಇನ್ನೂ ಓದುತ್ತಿದ್ದಾನೆ, ಮನೆಸಾಲ ಸ್ವಲ್ಪ ಬಾಕಿ ಇದೆ. ಹೆಂಡತಿಯದು ಒಂದೇ ಮಾತು: ‘ನಿಮಗೆ ಭಾನುವಾರ ಇಷ್ಟವಾಗುವುದೇ ಅದು ವಾರಕ್ಕೊಮ್ಮೆ ಬರುವುದರಿಂದ.’ ಈ ದಾರಿಯಲ್ಲಿ ಹೋದವರು, ಹೋಗಿ ಹಿಂದಿರುಗಿದವರು ಯಾರಾದರೂ ಇದ್ದರೆ ಹೇಳಿ.

ಘಾಟ್‌ಕೋಪರ್ ಗಡಿಬಿಡಿ
ಅಕ್ಕನ ಮಾತು ಸರಿ. ಚರ್ಚೆ ಮುಗಿಯಿತು.

ಮುಲುಂಡ್ ಮಾಜಿ ಕ್ಯಾಷಿಯರ್
ಉಳಿದವರು ನಿಮ್ಮ ಕನಸಿನ ಬಗ್ಗೆ ಬರೆಯುತ್ತಾರೆ, ನಾನು ಹೊಟ್ಟೆಯ ಬಗ್ಗೆ ಬರೆಯುತ್ತೇನೆ. ನೀವು 1995ರ ಪಿಂಚಣಿ ನಿಯಮಾವಳಿಗೆ ಸೇರಿದವರಾದರೆ 20 ವರ್ಷದ ಅರ್ಹ ಸೇವೆ ಆಗಿರಬೇಕು, ಮೂರು ತಿಂಗಳು ಮೊದಲೇ ಲಿಖಿತ ನೋಟಿಸ್ ಕೊಡಬೇಕು. 2010ರ ಏಪ್ರಿಲ್ ನಂತರ ಸೇರಿದವರಿಗೆ ರಾಷ್ಟ್ರೀಯ ಪಿಂಚಣಿ ವ್ಯವಸ್ಥೆ, ಅದರ ಲೆಕ್ಕವೇ ಬೇರೆ. ಮನೆಸಾಲ ಸಿಬ್ಬಂದಿಯ ರಿಯಾಯಿತಿ ಬಡ್ಡಿಯದಾಗಿದ್ದರೆ ಕೆಲಸ ಬಿಟ್ಟ ಮರುದಿನ ಆ ಬಡ್ಡಿ ಏನಾಗುತ್ತದೆ ಎಂದು ಸುತ್ತೋಲೆ ತೆಗೆದು ಓದಿ. ಓದದೆ ರಾಜೀನಾಮೆ ಬರೆಯಬೇಡಿ. ಕೆಲಸದಲ್ಲಿದ್ದುಕೊಂಡೇ ಶುಲ್ಕ ಪಡೆಯುತ್ತೇನೆ ಎನ್ನುವುದಾದರೆ ಬ್ಯಾಂಕಿನ ಪೂರ್ವಾನುಮತಿ ಬೇಕು. ಉಚಿತವಾಗಿ ಮಾಡುವವರೆಗೆ ಯಾರೂ ಕೇಳುವುದಿಲ್ಲ, ರಶೀದಿ ಪುಸ್ತಕ ಬಂತೆಂದರೆ ಎಲ್ಲರೂ ಕೇಳುತ್ತಾರೆ.

ಶಿವಾಜಿ ಪಾರ್ಕ್ ಕಟ್ಟೆ
ಅಣ್ಣಾ, ನಿಮ್ಮ ಪ್ರಶ್ನೆಗೆ ನಮ್ಮ ದಾದರಿನಲ್ಲೇ ಉತ್ತರವಿದೆ. ಸಚಿನ್ ತೆಂಡೂಲ್ಕರ್‌ಗೆ ಕ್ರಿಕೆಟ್ ಕಲಿಸಿದ ರಮಾಕಾಂತ್ ಅಚ್ರೇಕರ್! 1990ರಲ್ಲಿ ದ್ರೋಣಾಚಾರ್ಯ ಪ್ರಶಸ್ತಿ, 2010ರಲ್ಲಿ ಪದ್ಮಶ್ರೀ. ಸ್ಟಂಪಿನ ಮೇಲೆ ಒಂದು ರೂಪಾಯಿ ಇಡುತ್ತಿದ್ದರು. ಸಚಿನ್‌ನನ್ನು ಔಟ್ ಮಾಡಿದ ಬೌಲರಿಗೆ ಅದು, ಯಾರೂ ಮಾಡದಿದ್ದರೆ ಸಚಿನ್‌ಗೆ. ಭಾಷಣವಿಲ್ಲ, ಬೆನ್ನು ತಟ್ಟುವುದಿಲ್ಲ, ‘ಚೆನ್ನಾಗಿ ಆಡಿದೆ’ ಎಂಬ ಒಂದು ಮಾತೂ ಇಲ್ಲ. ಅದರಿಂದಲೇ 1988ರಲ್ಲಿ ಶಾಲಾ ಮಕ್ಕಳ ಹ್ಯಾರಿಸ್ ಶೀಲ್ಡ್‌ನಲ್ಲಿ 664ರ ಜೊತೆಯಾಟ ಬಂತು. ಸಚಿನ್ 349, ಕಾಂಬ್ಳಿ 326. ಈಗಿನ ತರಬೇತುದಾರರು ಮಕ್ಕಳನ್ನು ಹೊಗಳಿ ಹೊಗಳಿಯೇ ಹಾಳು ಮಾಡುತ್ತಿದ್ದಾರೆ.

ಕಾಂದಿವಲಿ ಸ್ಕೋರರ್
ಉಲ್ಟಾ. 349 ಕಾಂಬ್ಳಿಯದು, 326 ಸಚಿನ್‌ದು. ಇಬ್ಬರೂ ಅಜೇಯ. ದಾದರಿನ ಕಟ್ಟೆಯಲ್ಲಿ ಕುಳಿತು ಇದನ್ನು ತಪ್ಪುವುದು ಸ್ವಲ್ಪ ಅತಿಯಾಯಿತು.

ವಡಾಲ ಟೀಚರ್
ಕಟ್ಟೆಯವರೇ, ಅಚ್ರೇಕರ್ ಅವರ ಕಥೆಯಲ್ಲಿ ಎಲ್ಲರೂ ನೆನಪಿಡುವುದು ಅವರ ಮೌನವನ್ನು. ನಾನು ನೆನಪಿಡುವುದು ಸ್ಕೂಟರನ್ನು. 2013ರ ನವೆಂಬರಿನಲ್ಲಿ ವಾಂಖೇಡೆಯಲ್ಲಿ ವಿದಾಯದ ಮಾತು ಆಡುವಾಗ ಸಚಿನ್ ಎರಡನ್ನೂ ಹೇಳಿದರು. ಹುಡುಗ ಹೆಮ್ಮೆಯಿಂದ ಬೀಗಬಾರದೆಂದು ಸರ್ ಎಂದೂ ‘ಚೆನ್ನಾಗಿ ಆಡಿದೆ’ ಎನ್ನಲಿಲ್ಲ, ನಿಜ. ಆದರೆ ಅದೇ ಸರ್ ತಮ್ಮ ಸ್ಕೂಟರಿನ ಹಿಂದೆ ಕೂರಿಸಿಕೊಂಡು ಒಂದು ಮೈದಾನದಿಂದ ಇನ್ನೊಂದಕ್ಕೆ, ಒಂದು ಪಂದ್ಯ ಮುಗಿದರೆ ಮತ್ತೊಂದಕ್ಕೆ ಕರೆದುಕೊಂಡು ಹೋಗುತ್ತಿದ್ದರು. ಬೇರೆ ಹುಡುಗನಿಗೆ ವಾರಕ್ಕೊಂದು ಇನಿಂಗ್ಸ್ ಸಿಗುವಲ್ಲಿ ಈ ಹುಡುಗನಿಗೆ ಹಲವು ಸಿಕ್ಕವು. ಧೈರ್ಯ ಬಂದದ್ದು ಅಲ್ಲಿಂದ. ಮೌನವನ್ನಷ್ಟೇ ಅನುಕರಿಸಿ ಸ್ಕೂಟರನ್ನು ಮನೆಯಲ್ಲಿ ನಿಲ್ಲಿಸಿದವರಿಗೆ ಅಚ್ರೇಕರ್ ಹೆಸರು ಹೇಳುವ ಹಕ್ಕಿಲ್ಲ.

ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ 1977ರಲ್ಲಿಯೇ ಇದನ್ನು ಬಿಡಿಸಿ ಬರೆದಿದ್ದರು. ‘ನನ್ನಿಂದ ಆಗುತ್ತದೆ’ ಎಂಬ ನಂಬಿಕೆ ಹುಟ್ಟುವುದು ನಾಲ್ಕು ಕಡೆಗಳಿಂದ: ತಾನೇ ಮಾಡಿ ಗೆದ್ದ ಅನುಭವ, ತನ್ನಂಥವನೇ ಒಬ್ಬ ಗೆದ್ದದ್ದನ್ನು ಕಂಡದ್ದು, ಬೇರೆಯವರ ಪ್ರೋತ್ಸಾಹದ ಮಾತು, ಮತ್ತು ಎದೆಬಡಿತ, ಬೆವರು, ನಡುಕವನ್ನು ತಾನು ಹೇಗೆ ಅರ್ಥ ಮಾಡಿಕೊಳ್ಳುತ್ತೇನೆ ಎನ್ನುವುದು. ಎಲ್ಲಕ್ಕಿಂತ ಗಟ್ಟಿಯಾದದ್ದು ಮೊದಲನೆಯದು. ನಮ್ಮ ಊರಿನ ‘ವ್ಯಕ್ತಿತ್ವ ವಿಕಸನ’ದ ಅಂಗಡಿಗಳು ಮಾರುವುದು ಮೂರನೆಯದನ್ನು ಮಾತ್ರ. ಅದರಲ್ಲಿ ಖರ್ಚು ಕಡಿಮೆ ನೋಡಿ.

ಘಾಟ್‌ಕೋಪರ್ ಗಡಿಬಿಡಿ
ಟೀಚರ್, ಕೊನೆಯ ಸಾಲಿಗೆ ನನ್ನ ಸಂಪೂರ್ಣ ಬೆಂಬಲ. ಡೊಂಬಿವಲಿಯವರೇ, ನನಗಿರುವ ಭಯ ಇದೇ. ಇನ್ನೆರಡು ವರ್ಷ ಕಳೆದ ಮೇಲೆ ನೀವು ಕಪ್ಪು ಕೋಟು ಹಾಕಿಕೊಂಡು, ಕಿವಿಗೆ ಮೈಕ್ ಸಿಕ್ಕಿಸಿಕೊಂಡು, ‘ನಿಮ್ಮೊಳಗಿನ ಹುಲಿಯನ್ನು ಎಬ್ಬಿಸಿ’ ಎನ್ನುತ್ತೀರಿ. ಯಾವ ಪರವಾನಗಿಯೂ ಬೇಡದ ವೃತ್ತಿ ಇದು. ಇಂದು ನಿರ್ಧರಿಸಿದರೆ ನಾಳೆ ಬೆಳಗ್ಗೆ ನಾನೂ ಲೈಫ್ ಕೋಚ್.

ಠಾಣೆಯ ಸುಮ್ಮನಿರುವವಳು
ಹುಲಿಯಲ್ಲ, ಸಿಂಹ. ನನ್ನ ತಂದೆ ನನ್ನನ್ನು ಅಂಥದ್ದೊಂದು ಖಾಸಗಿ ತರಗತಿಗೆ ಸೇರಿಸಿದ್ದರು. ಮೊದಲ ದಿನವೇ ಎಲ್ಲರೂ ಕನ್ನಡಿಯ ಮುಂದೆ ನಿಂತು ‘ನಾನು ಸಿಂಹ’ ಎಂದು ಕೂಗಬೇಕು. ದನಿ ಏಳದವರು ಕುರ್ಚಿಯ ಮೇಲೆ ಹತ್ತಿ ನಿಂತು ಮತ್ತೆ ಕೂಗಬೇಕು. ಹತ್ತಿದವಳು ನಾನೊಬ್ಬಳೇ. ಉಳಿದವರು ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆ ಯಾತಕ್ಕೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಶುಲ್ಕ ಹಿಂದಿರುಗಿಸಲಿಲ್ಲ.

ಆಮೇಲೆ ಕೆಲಸಕ್ಕೆ ಸೇರಿದಾಗ ನಮ್ಮ ತಂಡದ ಹಿರಿಯ ಮೇಡಂ ನನಗೆ ಆತ್ಮವಿಶ್ವಾಸದ ಬಗ್ಗೆ ಒಂದು ಶಬ್ದವನ್ನೂ ಹೇಳಲಿಲ್ಲ. ಸಭೆಯ ಕೊನೆಗೆ ಯಾರು ಯಾವ ಕೆಲಸ ಮಾಡಬೇಕೆಂಬ ಪಟ್ಟಿಯನ್ನು ಗಟ್ಟಿಯಾಗಿ ಓದು ಎಂದರು. ಓದುವುದಷ್ಟೇ. ಕೆಲವು ವಾರ ಅದೇ. ಆಮೇಲೆ, ಈ ಒಂದು ಅಂಕಿಯನ್ನು ನೀನೇ ವಿವರಿಸು ಎಂದರು. ಆಮೇಲೆ ಒಂದು ಪುಟ. ಈಗ ಗ್ರಾಹಕರ ಕರೆಗಳನ್ನು ನಾನೇ ನಡೆಸುತ್ತೇನೆ. ಹೊರಗೆ ಇನ್ನೂ ಸುಮ್ಮನೇ ಇರುತ್ತೇನೆ, ಅದು ನನ್ನ ಸ್ವಭಾವ, ಕಾಯಿಲೆಯಲ್ಲ. ಈ ಸಾಲನ್ನು ಎಲ್ಲ ತರಬೇತುದಾರರೂ ಬರೆದಿಟ್ಟುಕೊಂಡರೆ ಒಳ್ಳೆಯದು.

ವಡಾಲ ಟೀಚರ್
ನಿಮ್ಮ ಮೇಡಂಗೆ ನನ್ನ ನಮಸ್ಕಾರ ತಿಳಿಸಿ.

ಮೀರಾ ರೋಡ್ ಚೆಂಡೆ
ಇದಕ್ಕೆಲ್ಲ ಅಮೆರಿಕದ ಮನಶ್ಶಾಸ್ತ್ರಜ್ಞರೇ ಬೇಕೇ ಮಾರಾಯರೇ? ಯಕ್ಷಗಾನದ ಬಡಗುತಿಟ್ಟಿನ ಪೂರ್ವರಂಗ ನೋಡಿ. ಮೇಳಕ್ಕೆ ಹೊಸದಾಗಿ ಸೇರಿದ ಹುಡುಗನಿಗೆ ಮೊದಲು ಕೋಡಂಗಿ ವೇಷ. ಆಮೇಲೆ ಬಾಲಗೋಪಾಲ. ಅದಾದ ಮೇಲೆ ಪೀಠಿಕೆಯ ಸ್ತ್ರೀವೇಷ. ಮಾತು ಹೆಚ್ಚಿಲ್ಲ, ಕುಣಿತ ಸಾಕು. ಆ ಹೊತ್ತಿಗೆ ಗದ್ದೆಯಲ್ಲಿ ಜನ ಇನ್ನೂ ನೆರೆದಿರುವುದಿಲ್ಲ, ನೆರೆದವರೂ ಚುರುಮುರಿ ಅಂಗಡಿಯ ಹತ್ತಿರ ಇರುತ್ತಾರೆ. ತಪ್ಪು ಹೆಜ್ಜೆ ಬಿದ್ದರೆ ನೋಡುವವರು ಚೌಕಿಯವರು, ಅಂದರೆ ಬಣ್ಣದ ಮನೆಯವರು ಮಾತ್ರ. ಆದರೆ ಬಣ್ಣ ನಿಜವಾದದ್ದು, ರಂಗಸ್ಥಳ ನಿಜವಾದದ್ದು, ಚೆಂಡೆ ಪೆಟ್ಟು ನಿಜವಾದದ್ದು. ಅಲ್ಲಿಂದ ಮೆಟ್ಟಿಲು ಮೆಟ್ಟಿಲಾಗಿ ಏರುತ್ತ ಎರಡನೇ ವೇಷದವರೆಗೆ, ಅಂದರೆ ಮೇಳದ ಮುಖ್ಯ ವೇಷದವರೆಗೆ ಹೋಗಬೇಕು. ಅಷ್ಟರಲ್ಲಿ ಎಷ್ಟೋ ಸಾವಿರ ಸಲ ರಂಗ ಹತ್ತಿಳಿದಿರುತ್ತಾನೆ. ಸಭಾಕಂಪನಕ್ಕೆ ಇದಕ್ಕಿಂತ ಒಳ್ಳೆಯ ಪಠ್ಯಕ್ರಮ ಯಾರು ಮಾಡಿದ್ದಾರೆ?

ಮುಂಬಯಿಯಲ್ಲಿ ನಾವು ಮಕ್ಕಳಿಗೆ ಹೇಳಿಕೊಡುವಾಗ ಆಗುತ್ತಿರುವ ಅನ್ಯಾಯ ಇದೇ. ಮೂರು ತಿಂಗಳು ಹೆಜ್ಜೆ ಕಲಿತ ಮಗುವಿಗೆ ವಾರ್ಷಿಕೋತ್ಸವದಲ್ಲಿ ನೇರವಾಗಿ ಅಭಿಮನ್ಯು ಬೇಕು. ಮಗುವಿಗಲ್ಲ, ತಾಯಿತಂದೆಗೆ. ಕೋಡಂಗಿ ಎಂದರೆ ಮುಖ ಸಪ್ಪೆ.

ಶಿವಾಜಿ ಪಾರ್ಕ್ ಕಟ್ಟೆ
ಟೀಚರ್, ಸ್ಕೂಟರ್ ಮಾತು ಒಪ್ಪಿದೆ. ಆದರೂ ಹೊಗಳಿಕೆಯ ಬಗ್ಗೆ ನನ್ನ ಮಾತು ಬಿಡುವುದಿಲ್ಲ.

ವಡಾಲ ಟೀಚರ್
ಬಿಡಬೇಡಿ, ಅರ್ಧ ಸರಿ ಇದೆ. 1998ರಲ್ಲಿ ಕರೋಲ್ ಡ್ವೆಕ್ ಮತ್ತು ಕ್ಲಾಡಿಯಾ ಮ್ಯೂಲರ್ ಐದನೇ ತರಗತಿಯ ಮಕ್ಕಳ ಮೇಲೆ ಮಾಡಿದ ಪ್ರಯೋಗ ಪ್ರಕಟವಾಯಿತು. ‘ನೀನು ಬುದ್ಧಿವಂತ’ ಎಂದು ಹೊಗಳಿಸಿಕೊಂಡ ಮಕ್ಕಳು ಮುಂದೆ ಸುಲಭದ ಲೆಕ್ಕವನ್ನೇ ಆರಿಸಿಕೊಂಡರು, ಒಮ್ಮೆ ಸೋತ ಮೇಲೆ ಮೊದಲಿಗಿಂತ ಕೆಟ್ಟದಾಗಿ ಮಾಡಿದರು. ‘ಚೆನ್ನಾಗಿ ಶ್ರಮಪಟ್ಟೆ’ ಎನ್ನಿಸಿಕೊಂಡವರು ಕಷ್ಟದ್ದನ್ನು ಆರಿಸಿಕೊಂಡರು. ಅಂದರೆ ಹೊಗಳಬಾರದು ಎಂದಲ್ಲ, ಯಾವುದನ್ನು ಹೊಗಳುತ್ತೇವೆ ಎನ್ನುವುದು ಮುಖ್ಯ. ಇನ್ನು ನಿಮ್ಮ ಅಚ್ರೇಕರ್ ಸರ್ ಬಾಯಲ್ಲಿ ಹೇಳದಿದ್ದರೂ ಖುಷಿಯಾದ ದಿನ ಭೇಲ್‌ಪುರಿ ಕೊಡಿಸುತ್ತಿದ್ದರು ಎಂದು ಸಚಿನ್ ಹೇಳಿದ್ದಾರೆ. ಹುಡುಗನಿಗೆ ಅರ್ಥವಾಗುತ್ತಿತ್ತು.

ಕುರ್ಲಾ ಗಲ್ಲಾಪೆಟ್ಟಿಗೆ
ಭೇಲ್‌ಪುರಿ ಎಂದ ಕೂಡಲೇ ನಾನು ಬಂದೆ. ಹೋಟೆಲ್ ನಡೆಸುತ್ತೇನೆ, ಓದಿದ್ದು ರಾತ್ರಿ ಶಾಲೆಯಲ್ಲಿ. ಫೋರ್ಟಿನ ಕನ್ನಡ ರಾತ್ರಿ ಶಾಲೆಗಳ ಬಗ್ಗೆ ಇಂದಿನ ಹುಡುಗರಿಗೆ ಗೊತ್ತಿರಲಿಕ್ಕಿಲ್ಲ. ಹಗಲು ಗ್ಲಾಸು ತೊಳೆದು, ಟೇಬಲ್ ಒರೆಸಿ, ಸಂಜೆ ಅಂಗಿ ಬದಲಿಸಿ ಶಾಲೆಗೆ ಓಡಿದ ಒಂದು ತಲೆಮಾರೇ ಇತ್ತು. ಅದರಲ್ಲಿ ವಕೀಲರಾದವರಿದ್ದಾರೆ, ಬ್ಯಾಂಕ್ ಮ್ಯಾನೇಜರ್ ಆದವರಿದ್ದಾರೆ, ನನ್ನಂತೆ ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತವರಂತೂ ಲೆಕ್ಕವಿಲ್ಲ.

ನಮ್ಮ ಮೇಷ್ಟರು ಹಗಲು ಬೇರೆ ಕಡೆ ಗುಮಾಸ್ತರು. ರಾತ್ರಿ ತರಗತಿಗೆ ಬಂದವರೇ ಆ ದಿನದ ಪತ್ರಿಕೆಯನ್ನು ನಮ್ಮ ಕೈಗಿಟ್ಟು ಸರದಿಯ ಮೇಲೆ ತಲೆಬರಹ ಓದಿಸುತ್ತಿದ್ದರು. ನಿದ್ದೆ ತೂಗುವ ಹುಡುಗನಿಗೆ ದೊಡ್ಡ ಅಕ್ಷರದ ಸುದ್ದಿ, ಚುರುಕಾದವನಿಗೆ ಷೇರುಪೇಟೆಯದು. ತಪ್ಪು ಓದಿದರೆ ನಗಲು ಯಾರಿಗೂ ಅನುಮತಿ ಇರಲಿಲ್ಲ, ನಕ್ಕವನು ಮುಂದಿನ ಸುದ್ದಿ ಓದಬೇಕು. ‘ನೀನು ದೊಡ್ಡ ಮನುಷ್ಯನಾಗುತ್ತೀಯ’ ಎಂದು ಅವರು ಯಾರಿಗೂ ಹೇಳಿದವರಲ್ಲ. ಆದರೆ ಯಜಮಾನರ ಮುಂದೆ ನಿಂತು ಸಂಬಳ ಹೆಚ್ಚಿಸಿ ಎಂದು ಕೇಳಿದ ದಿನ ನನ್ನ ಗಂಟಲು ನಡುಗಲಿಲ್ಲ. ನನ್ನ ಮಟ್ಟಿಗೆ ಅವರೇ ಕೋಚ್. ಕೋಟೂ ಇರಲಿಲ್ಲ, ಮೈಕೂ ಇರಲಿಲ್ಲ.

ಪುಣೆ ಎಕ್ಸ್‌ಪ್ರೆಸ್‌ವೇ
ಎಲ್ಲರೂ ಸೇರಿ ವೃತ್ತಿಪರರನ್ನು ಹೀಗೆ ಬಡಿಯುವುದು ಸರಿಯಲ್ಲ. ನಾನು ಹಿಂಜೆವಾಡಿಯ ಕಂಪನಿಗಳಲ್ಲಿ ಕೋಚ್ ಆಗಿ ಕೆಲಸ ಮಾಡುತ್ತೇನೆ, ಇದೇ ನನ್ನ ಜೀವನೋಪಾಯ. ಕಾನೂನಿನ ಪರವಾನಗಿ ಇಲ್ಲದಿರಬಹುದು, ಶಿಸ್ತು ಇದೆ. 1995ರಲ್ಲಿ ಆರಂಭವಾದ ಅಂತರರಾಷ್ಟ್ರೀಯ ಕೋಚಿಂಗ್ ಒಕ್ಕೂಟದ ಮೊದಲ ಹಂತದ ಮಾನ್ಯತೆಗೇ 60 ಗಂಟೆ ತರಬೇತಿ, 100 ಗಂಟೆ ಅಭ್ಯಾಸ ಬೇಕು. ಎರಡನೆಯದಕ್ಕೆ 500 ಗಂಟೆ, ಅತ್ಯುನ್ನತ ಹಂತಕ್ಕೆ 2500 ಗಂಟೆ ಅಭ್ಯಾಸ. ಅದರ ಮೇಲೆ ಹಿರಿಯರು ನಿಮ್ಮ ಸಂಭಾಷಣೆಯ ಧ್ವನಿಮುದ್ರಣ ಕೇಳಿ ನೀವು ಎಲ್ಲಿ ಬಾಯಿ ಹಾಕಬಾರದಿತ್ತು ಎಂದು ತೋರಿಸುತ್ತಾರೆ. ನಮ್ಮ ಕೆಲಸದಲ್ಲಿ ಸಲಹೆ ಕೊಡುವುದು ಕಡಿಮೆ, ಸರಿಯಾದ ಪ್ರಶ್ನೆ ಕೇಳಿ ಕಾಯುವುದು ಹೆಚ್ಚು. ಕಾಯುವುದನ್ನು ಕಲಿಯಲು ನನಗೆ ಬಹಳ ಕಾಲ ಹಿಡಿಯಿತು.

ಡೊಂಬಿವಲಿಯವರೇ, ಒಂದು ಮಾತು ಕೇಳುತ್ತೇನೆ. ನಿಮ್ಮ ತರಗತಿಯಲ್ಲಿ ಸುಧಾರಿಸದವರು ಯಾರು? ಅವರ ಬಗ್ಗೆ ನೀವು ಏನೂ ಬರೆದಿಲ್ಲ. ಪೂರ್ಣಾವಧಿಗೆ ಇಳಿದರೆ ನಿಮ್ಮ ಹೆಚ್ಚಿನ ಸಮಯ ಹೋಗುವುದು ಅವರ ಜೊತೆಗೇ.

ಘಾಟ್‌ಕೋಪರ್ ಗಡಿಬಿಡಿ
ಅಕ್ಕಾ, 2500 ಗಂಟೆ ಪ್ರಶ್ನೆ ಕೇಳುವ ಕೆಲಸ ನಮ್ಮ ಮನೆಯಲ್ಲಿ ಅತ್ತೆ ಯಾವ ಪ್ರಮಾಣಪತ್ರವೂ ಇಲ್ಲದೆ ಮುಗಿಸಿದ್ದಾರೆ.

ಪುಣೆ ಎಕ್ಸ್‌ಪ್ರೆಸ್‌ವೇ
ಅವರು ಉತ್ತರಕ್ಕೆ ಕಾಯುತ್ತಾರೆಯೇ? ಅಲ್ಲೇ ವ್ಯತ್ಯಾಸ.

ಡೊಂಬಿವಲಿ ಲೋಕಲ್
ಇಷ್ಟು ಉತ್ತರಗಳು ಬರುತ್ತವೆಂದು ಎಣಿಸಿರಲಿಲ್ಲ. ಪುಣೆಯ ಮೇಡಂ ಕೇಳಿದ ಪ್ರಶ್ನೆ ನೇರವಾಗಿ ತಾಗಿತು. ಹೌದು, ಸುಧಾರಿಸದವರಿದ್ದಾರೆ. ಒಬ್ಬ ಯುವಕ, ಎಂಜಿನಿಯರಿಂಗ್ ಮುಗಿಸಿದವನು, ಪ್ರತಿ ಭಾನುವಾರ ಬಂದು ಕೊನೆಯ ಸಾಲಿನಲ್ಲಿ ಕೂರುತ್ತಾನೆ. ಎದ್ದು ನಿಲ್ಲುವುದಿಲ್ಲ. ಆದರೂ ಒಂದು ವಾರವೂ ತಪ್ಪಿಸುವುದಿಲ್ಲ. ನಾನು ಅವನನ್ನು ಒತ್ತಾಯಿಸುವುದಿಲ್ಲ, ಏಕೆ ಬರುತ್ತಾನೆ ಎಂದೂ ಕೇಳಿಲ್ಲ. ಈಗ ಠಾಣೆಯವರು ಬರೆದದ್ದನ್ನು ಓದಿದ ಮೇಲೆ ಅವನಿಗೆ ಹಾಜರಿ ಕೂಗುವ ಕೆಲಸ ಕೊಡೋಣ ಎಂದುಕೊಂಡಿದ್ದೇನೆ.

ಗಡಿಬಿಡಿಯವರೇ, ಕಪ್ಪು ಕೋಟು ನನ್ನ ಅಳತೆಗೆ ಸಿಗುವುದಿಲ್ಲ, ಚಿಂತೆ ಬೇಡ.

ಅಂಧೇರಿ ಟೈಮರ್
ನಾನು ಟೋಸ್ಟ್‌ಮಾಸ್ಟರ್ಸ್ ಎಂಬ ಭಾಷಣ ಕಲಿಯುವವರ ಕ್ಲಬ್ಬಿಗೆ ಹೋಗುವವನು. 1924ರಲ್ಲಿ ಕ್ಯಾಲಿಫೋರ್ನಿಯಾದ ಸಾಂತಾ ಆನಾದಲ್ಲಿ ರಾಲ್ಫ್ ಸ್ಮೆಡ್ಲಿ ಆರಂಭಿಸಿದ್ದು. ಅಲ್ಲಿ ಗುರು ಎಂದು ಯಾರೂ ಇಲ್ಲ. ಸಿದ್ಧಪಡಿಸಿದ ಭಾಷಣಕ್ಕೆ 5ರಿಂದ 7 ನಿಮಿಷ, ಕೊಟ್ಟ ವಿಷಯದ ಮೇಲೆ ತಕ್ಷಣ ಮಾತನಾಡಲು 1ರಿಂದ 2 ನಿಮಿಷ, ವಿಮರ್ಶೆಗೆ 2ರಿಂದ 3 ನಿಮಿಷ. ಹಸಿರು, ಹಳದಿ, ಕೆಂಪು ಬಣ್ಣ ತೋರಿಸಿ ಸಮಯ ತಿಳಿಸುವುದಕ್ಕೇ ಒಬ್ಬ. ಸಂಕೋಚದವರಿಗೆ ಮೊದಲು ಕೊಡುವುದು ಆ ಕೆಲಸ. ಕೋಡಂಗಿಯ ಮಾತು ಓದಿದಾಗ ನೆನಪಾಯಿತು. ವಾರಕ್ಕೊಬ್ಬರು ವಿಮರ್ಶಕರಾಗುವುದರಿಂದ ಎಲ್ಲ ಹೊರೆಯೂ ಒಬ್ಬರ ತಲೆಯ ಮೇಲೆ ಬೀಳುವುದಿಲ್ಲ. ಡೊಂಬಿವಲಿಯವರು ಕೆಲಸ ಬಿಡುವ ಮೊದಲು ಹಳೆಯ ವಿದ್ಯಾರ್ಥಿಗಳಿಗೆ ತರಗತಿಯ ಅರ್ಧ ಭಾಗ ಒಪ್ಪಿಸಿ ನೋಡಲಿ.

ಕಾಂದಿವಲಿ ಸ್ಕೋರರ್
664ರ ಬಗ್ಗೆ ಇನ್ನೊಂದು ಮಾತು ಉಳಿದಿದೆ. ಆ ಜೊತೆಯಾಟ ನಡೆಯುವಾಗ ಮುಂದಿನ ಬ್ಯಾಟ್ಸ್‌ಮನ್ ಪ್ಯಾಡ್ ಕಟ್ಟಿಕೊಂಡು ಕುಳಿತೇ ಇದ್ದ, ಸರದಿ ಬರಲೇ ಇಲ್ಲ. ಅವನೇ ಅಮೋಲ್ ಮಜುಂದಾರ್. ಆಮೇಲೆ ಪ್ರಥಮದರ್ಜೆ ಕ್ರಿಕೆಟ್ಟಿನಲ್ಲಿ 11 ಸಾವಿರಕ್ಕೂ ಹೆಚ್ಚು ರನ್ ಮಾಡಿದರೂ ಭಾರತ ತಂಡದಲ್ಲಿ ಒಂದು ಪಂದ್ಯ ಸಿಗಲಿಲ್ಲ. 2025ರ ನವೆಂಬರ್ 2ರ ರಾತ್ರಿ ನೆರೂಳಿನ ಡಿ.ವೈ. ಪಾಟೀಲ್ ಕ್ರೀಡಾಂಗಣದಲ್ಲಿ ನಮ್ಮ ಹುಡುಗಿಯರು ದಕ್ಷಿಣ ಆಫ್ರಿಕಾವನ್ನು 52 ರನ್ನುಗಳಿಂದ ಸೋಲಿಸಿ ವಿಶ್ವಕಪ್ ಗೆದ್ದಾಗ ಅವರ ಮುಖ್ಯ ಕೋಚ್ ಇದೇ ಮಜುಂದಾರ್. ನಾನು ಅಂದು ಮೇಲಿನ ಸ್ಟ್ಯಾಂಡಿನಲ್ಲಿದ್ದೆ, ಹಾರ್ಬರ್ ಲೈನಿನ ರೈಲಿನಲ್ಲಿ ಗಂಟಲು ಕಟ್ಟಿಕೊಂಡು ಮನೆಗೆ ಬಂದೆ.

ಶಿವಾಜಿ ಪಾರ್ಕ್ ಕಟ್ಟೆ
ನೋಡಿದಿರಾ! ತನಗೆ ಸಿಗದದ್ದನ್ನು ಬೇರೆಯವರಿಗೆ ಕೊಡಿಸುವವನೇ ನಿಜವಾದ ಕೋಚ್.

ವಡಾಲ ಟೀಚರ್
ಕೇಳಲು ಚೆಂದ, ಆದರೆ ನಂಬಬೇಡಿ. ಪ್ರಕಾಶ್ ಪಡುಕೋಣೆ 1980ರಲ್ಲಿ ಆಲ್ ಇಂಗ್ಲೆಂಡ್ ಬ್ಯಾಡ್ಮಿಂಟನ್ ಗೆದ್ದವರು, 1994ರಲ್ಲಿ ಬೆಂಗಳೂರಿನಲ್ಲಿ ಅಕಾಡೆಮಿ ಕಟ್ಟಿದರು. ಗೋಪಿಚಂದ್ 2001ರಲ್ಲಿ ಅದೇ ಪ್ರಶಸ್ತಿ ಗೆದ್ದವರು, ಆಮೇಲೆ ಹೈದರಾಬಾದಿನ ಅವರ ಅಕಾಡೆಮಿಯಿಂದ ಸೈನಾ 2012ರಲ್ಲಿ, ಸಿಂಧು 2016ರಲ್ಲಿ ಒಲಿಂಪಿಕ್ ಪದಕ ತಂದರು. ದ್ರಾವಿಡ್ ವಿಷಯ ಹೇಳಬೇಕೇ? ಆಡಿದ್ದಕ್ಕೆ ಲೆಕ್ಕವಿಲ್ಲ, ಆಮೇಲೆ 2018ರಲ್ಲಿ ಹತ್ತೊಂಬತ್ತರ ಒಳಗಿನ ಹುಡುಗರಿಗೆ, 2024ರಲ್ಲಿ ದೊಡ್ಡವರಿಗೆ ವಿಶ್ವಕಪ್ ಗೆಲ್ಲಿಸಿದರು. ಇವರಿಗೆ ಏನು ಸಿಕ್ಕಿರಲಿಲ್ಲ? ಗೆದ್ದವರೂ ಕಲಿಸುತ್ತಾರೆ, ಗೆಲ್ಲದವರೂ ಕಲಿಸುತ್ತಾರೆ. ಎದುರಿಗಿರುವವನ ಮೇಲೆ ಬೇಸರವಿಲ್ಲದ ಕುತೂಹಲ ಇರಬೇಕು, ಅಷ್ಟೇ. ಸ್ವಂತ ಗಾಯಕ್ಕೆ ಮುಲಾಮು ಎಂದು ಈ ಕೆಲಸಕ್ಕೆ ಬಂದವರು ಶಿಷ್ಯರಿಂದ ತುಂಬಾ ಬಡ್ಡಿ ವಸೂಲಿ ಮಾಡುತ್ತಾರೆ.

ವಾಸ್ಕೋ ಬಂದರು
ಗೋವೆಯಿಂದ ಒಂದು ಮಾತು. ಇಲ್ಲಿ ಕ್ರಿಕೆಟ್ ಅಲ್ಲ, ಫುಟ್‌ಬಾಲ್. ನಮ್ಮ ಕಡೆಯವರು, ಅಂದರೆ ಗದಗ, ಬಿಜಾಪುರದಿಂದ ಬಂದ ಕೂಲಿ ಕಾರ್ಮಿಕರ ಮಕ್ಕಳು, ಶಾಲೆಯಲ್ಲಿ ಕೊಂಕಣಿ ಸರಿಯಾಗಿ ಬರದೆ ಮೂಲೆಯಲ್ಲಿ ಕೂರುತ್ತಾರೆ. ನಮ್ಮ ಬೀದಿಯ ಒಬ್ಬರು, ಬಂದರಿನಲ್ಲಿ ಕೆಲಸ ಮಾಡುವವರು, ಸಂಜೆ ಇಂಥ ಮಕ್ಕಳನ್ನು ಸೇರಿಸಿ ಆಡಿಸುತ್ತಾರೆ. ಮೈದಾನದಲ್ಲಿ ಚೆಂಡು ಬೇಕೆಂದರೆ ಕೂಗಲೇಬೇಕು, ವ್ಯಾಕರಣ ಯಾರೂ ಕೇಳುವುದಿಲ್ಲ. ನನ್ನ ಮಗಳು ಕೊಂಕಣಿ ಕಲಿತದ್ದು ಹೀಗೆ, ಗೋಲ್‌ಕೀಪರ್ ಆಗಿ ಎಲ್ಲರನ್ನೂ ಬೈಯುತ್ತಾ. ಅವರು ಕೆಲಸ ಬಿಟ್ಟಿಲ್ಲ, ಬಿಡುವುದೂ ಇಲ್ಲ. ಜೀವನದ ಕೆಲಸ ಎಂದರೆ ಸಂಬಳದ ಕೆಲಸವೇ ಆಗಬೇಕೆಂದು ಯಾರು ಹೇಳಿದರು?

ಮುಲುಂಡ್ ಮಾಜಿ ಕ್ಯಾಷಿಯರ್
ವಾಸ್ಕೋದವರು ಹೇಳಿದ್ದಕ್ಕೆ ಪುರಾವೆ ಬೇಕಾದರೆ ಮತ್ತೆ ಅಚ್ರೇಕರ್ ಅವರನ್ನೇ ನೋಡಿ. ಅವರೂ ಬ್ಯಾಂಕಿನವರೇ. ಸ್ಟೇಟ್ ಬ್ಯಾಂಕಿನಲ್ಲಿ ನೌಕರಿ, ಬ್ಯಾಂಕಿನ ತಂಡಕ್ಕಾಗಿಯೇ 1963–64ರಲ್ಲಿ ಮೊಯಿನ್-ಉದ್-ದೌಲಾ ಪಂದ್ಯಾವಳಿಯಲ್ಲಿ ಆಡಿದ ಒಂದೇ ಒಂದು ಪ್ರಥಮದರ್ಜೆ ಪಂದ್ಯ. ಬ್ಯಾಂಕಿನ ನೌಕರಿ ಇತ್ತೆಂದು ಮೈದಾನದ ಕೆಲಸ ಸಣ್ಣದಾಗಲಿಲ್ಲ. ಇಷ್ಟು ಹೊತ್ತು ಎಲ್ಲರೂ ಅವರ ಹೆಸರು ಹೇಳುತ್ತಿದ್ದೀರಿ, ಬ್ಯಾಂಕಿನ ಅಧಿಕಾರಿಯೊಬ್ಬರ ಪ್ರಶ್ನೆಗೆ ಬೇಕಾಗಿದ್ದ ಈ ಒಂದು ವಿಷಯವನ್ನು ಬಿಟ್ಟು.

ನಿರ್ವಾಹಕ
ಕ್ರಿಕೆಟ್ಟಿಗೆ ಬೇರೆ ವಿಭಾಗವಿದೆ. ದಯವಿಟ್ಟು.

ಶಿವಾಜಿ ಪಾರ್ಕ್ ಕಟ್ಟೆ
ಮುಂಬಯಿಯಲ್ಲಿ ಕಲಿಸುವುದರ ಬಗ್ಗೆ ಚರ್ಚಿಸಿ ಕ್ರಿಕೆಟ್ ಬಿಡಿ ಎಂದರೆ ಹೇಗೆ? ಇರಲಿ, ಮಲ್ಲಕಂಬ ನಡೆಯುತ್ತದೆಯೇ? ಶಿವಾಜಿ ಪಾರ್ಕಿನ ಸಮರ್ಥ ವ್ಯಾಯಾಮ ಮಂದಿರದ ಉದಯ್ ದೇಶಪಾಂಡೆ ಅವರಿಗೆ 2024ರಲ್ಲಿ ಪದ್ಮಶ್ರೀ ಬಂತು. ಕಣ್ಣು ಕಾಣದ ಮಕ್ಕಳಿಗೂ ಮಲ್ಲಕಂಬ ಕಲಿಸಿದವರು. ಕಾಣದ ಮಗು ಕಂಬ ಹತ್ತಿ ತಲೆಕೆಳಗಾಗಿ ಕೈ ಬಿಡಬೇಕಾದರೆ ಕೆಳಗೆ ನಿಂತವರ ದನಿಯ ಮೇಲೆ ಎಷ್ಟು ನಂಬಿಕೆ ಬೇಕು, ಯೋಚಿಸಿ. ಇದಕ್ಕೆ ಟೀಚರ್ ಏನೂ ತಿದ್ದುಪಡಿ ಮಾಡುವುದಿಲ್ಲ ಎಂದುಕೊಳ್ಳುತ್ತೇನೆ.

ವಡಾಲ ಟೀಚರ್
ಇಲ್ಲ. ಇದು ಪೂರ್ತಿ ಸರಿ.

ಪುಣೆ ಎಕ್ಸ್‌ಪ್ರೆಸ್‌ವೇ
ಹಣದ ಮಾತನ್ನು ಎಲ್ಲರೂ ಜಾರಿಸುತ್ತಿದ್ದೀರಿ. ಉಚಿತ ಸೇವೆ ದೊಡ್ಡದು, ಶುಲ್ಕ ಪಡೆದರೆ ಸಣ್ಣದು ಎಂಬ ಧಾಟಿ ಇಲ್ಲಿ ಓಡಾಡುತ್ತಿದೆ. ನನಗೂ ಮನೆ ಬಾಡಿಗೆ ಇದೆ. ವರ್ಷದ ಆದಾಯ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ, ಶುಲ್ಕದ ಮೇಲೆ ಶೇ 18. ಅದನ್ನೂ ಕಟ್ಟುತ್ತೇನೆ. ಹೆಣ್ಣುಮಕ್ಕಳು ಕಲಿಸುವ ಕೆಲಸ ಮಾಡಿದರೆ ಅದು ಸೇವೆಯಾಗಿಯೇ ಇರಬೇಕೆಂದು ಬಯಸುವವರನ್ನು ಸಾಕಷ್ಟು ನೋಡಿದ್ದೇನೆ.

ಕುರ್ಲಾ ಗಲ್ಲಾಪೆಟ್ಟಿಗೆ
ಮೇಡಂ ಹೇಳಿದ್ದು ಖರೆ. ಪುಕ್ಕಟೆ ಕೊಟ್ಟ ಸಾಂಬಾರನ್ನು ಜನ ಅರ್ಧ ಬಿಟ್ಟು ಏಳುತ್ತಾರೆ, ದುಡ್ಡು ಕೊಟ್ಟದ್ದನ್ನು ಬಟ್ಟಲು ಒರೆಸಿ ತಿನ್ನುತ್ತಾರೆ. ತಿಂಗಳಿಗೆ ಐವತ್ತು ರೂಪಾಯಿಯಾದರೂ ಇಡಿ. ಆ ಹಣದಲ್ಲಿ ನಿಮ್ಮ ಸಭಾಗೃಹದ ಫ್ಯಾನ್ ರಿಪೇರಿ ಮಾಡಿಸಿ. ಸಂಘದ ಸಭಾಗೃಹ ಎಂದ ಮೇಲೆ ಫ್ಯಾನ್ ಸದ್ದು ಮಾಡುತ್ತದೆ, ಅದನ್ನು ಕೇಳಬೇಕಾಗಿಲ್ಲ.

ಡೊಂಬಿವಲಿ ಲೋಕಲ್
ಫ್ಯಾನಿನ ವಿಷಯ ನಿಮಗೆ ಹೇಗೆ ತಿಳಿಯಿತು?

ಹೆಂಡತಿಗೆ ಈ ಚರ್ಚೆ ಓದಿ ಹೇಳಿದೆ. ಮಾಜಿ ಕ್ಯಾಷಿಯರ್ ಅವರನ್ನು ಊಟಕ್ಕೆ ಕರೆಯಿರಿ ಎಂದಳು. ಸದ್ಯಕ್ಕೆ ನೋಟಿಸ್ ಬರೆಯುವುದಿಲ್ಲ. ಮಗನ ಓದು ಮುಗಿಯಲಿ. ಆದರೆ ಒಂದು ಮಾತು ಸ್ಪಷ್ಟಪಡಿಸುತ್ತೇನೆ. ಇದು ಹವ್ಯಾಸ, ಬಿಡುವಿನ ವೇಳೆಯ ಸಮಾಜಸೇವೆ ಎಂದು ಯಾರಾದರೂ ಬೆನ್ನು ತಟ್ಟಿದರೆ ನನಗೆ ಸಿಟ್ಟು ಬರುತ್ತದೆ. ನಾನು ಸರಿಯಾಗಿ ಮಾಡುವ ಕೆಲಸ ಇದೊಂದೇ. ಬ್ಯಾಂಕಿನಲ್ಲಿ ನನ್ನ ಕುರ್ಚಿಯಲ್ಲಿ ನಾಳೆ ಬೇರೊಬ್ಬರು ಕುಳಿತರೂ ಕಡತ ಹಾಗೆಯೇ ಸಾಗುತ್ತದೆ. ಆದ್ದರಿಂದ ಒಂದೇ ಭಾನುವಾರಕ್ಕೆ ನಿಲ್ಲಿಸುವುದಿಲ್ಲ, ವಾರದ ಮಧ್ಯೆ ಇನ್ನೊಂದು ತಂಡ ಮಾಡುತ್ತೇನೆ. ಅಂಧೇರಿಯವರು ಹೇಳಿದಂತೆ ಇಬ್ಬರು ಹಳೆಯ ವಿದ್ಯಾರ್ಥಿಗಳು ಭಾನುವಾರದ ಅರ್ಧ ಹೊತ್ತು ನೋಡಿಕೊಳ್ಳಲು ಒಪ್ಪಿದ್ದಾರೆ.

ಕುರ್ಲಾ ಗಲ್ಲಾಪೆಟ್ಟಿಗೆ
ವಾರದ ಮಧ್ಯೆ ಎಂದರೆ ನನ್ನ ಹೋಟೆಲಿನ ಹುಡುಗರಿಗೆ ಮಾಡಿ. ಊರಿನಿಂದ ಬಂದವರು, ಈಗ ಒಡಿಶಾ, ನೇಪಾಳದವರೂ ಇದ್ದಾರೆ. ಗಿರಾಕಿ ಜೋರು ಮಾಡಿದರೆ ತಲೆ ತಗ್ಗಿಸಿ ನಿಲ್ಲುತ್ತಾರೆ. ಬ್ಯಾಂಕಿಗೆ ಹೋಗಿ ಖಾತೆ ತೆರೆಯಲೂ ನನ್ನನ್ನೇ ಜೊತೆಗೆ ಕರೆಯುತ್ತಾರೆ.

ಡೊಂಬಿವಲಿ ಲೋಕಲ್
ಸಂತೋಷದಿಂದ. ಬುಧವಾರ ರಾತ್ರಿ ಒಂಬತ್ತಕ್ಕೆ ಆಗುತ್ತದೆಯೇ?

ಕುರ್ಲಾ ಗಲ್ಲಾಪೆಟ್ಟಿಗೆ
ಒಂಬತ್ತಕ್ಕೆ ಊಟದ ಗಲಾಟೆ, ಹನ್ನೊಂದಕ್ಕೆ ಪಾತ್ರೆ. ಹೋಟೆಲಿನವನಿಗೆ ಉಸಿರಾಡಲು ಸಿಗುವುದು ಮಧ್ಯಾಹ್ನ ಮೂರರಿಂದ ಐದು ಮಾತ್ರ.

ಡೊಂಬಿವಲಿ ಲೋಕಲ್
ಆ ಹೊತ್ತಿನಲ್ಲಿ ನಾನು ಕೌಂಟರಿನ ಈಚೆ ಇರುತ್ತೇನಲ್ಲ.

ಠಾಣೆಯ ಸುಮ್ಮನಿರುವವಳು
ಮಧ್ಯಾಹ್ನ ಮೂರಕ್ಕೆ ಬಿಡುವಾಗಿರುವ, ಬ್ಯಾಂಕ್ ಫಾರಂ ತುಂಬುವುದು ಗೊತ್ತಿರುವ ಒಬ್ಬರು ಈ ಚರ್ಚೆಯಲ್ಲೇ ಇದ್ದಾರೆ. ಮುಲುಂಡಿನಿಂದ ಕುರ್ಲಾ ಒಂದೇ ಲೈನು.

ಮುಲುಂಡ್ ಮಾಜಿ ಕ್ಯಾಷಿಯರ್
ನನಗೆ ಕಲಿಸಲು ಬರುವುದಿಲ್ಲ. ನಲವತ್ತು ವರ್ಷ ನೋಟು ಎಣಿಸಿದವನು ನಾನು.

ವಡಾಲ ಟೀಚರ್
ಸಾರ್, ಕಲಿಸಬೇಡಿ. ಚಲನ್ ಕೊಟ್ಟು ಅವರೇ ತುಂಬಲಿ ಎಂದು ಪಕ್ಕದಲ್ಲಿ ಕುಳಿತಿರಿ. ಕೈಯಿಂದ ಪೆನ್ನು ಕಸಿದುಕೊಳ್ಳದಿದ್ದರೆ ಸಾಕು.

ಮುಲುಂಡ್ ಮಾಜಿ ಕ್ಯಾಷಿಯರ್
ತಪ್ಪು ತುಂಬಿದರೆ?

ವಡಾಲ ಟೀಚರ್
ಇನ್ನೊಂದು ಚಲನ್ ಕೊಡಿ.

ಮುಲುಂಡ್ ಮಾಜಿ ಕ್ಯಾಷಿಯರ್
ಹೊಗಳಬೇಕೇ, ಬೇಡವೇ? ಮೇಲೆ ಇಷ್ಟು ಉದ್ದ ಜಗಳವಾಡಿದ್ದೀರಿ, ತೀರ್ಪು ಸಿಗಲಿಲ್ಲ.

ಶಿವಾಜಿ ಪಾರ್ಕ್ ಕಟ್ಟೆ
ಬೇಡ!

ಕುರ್ಲಾ ಗಲ್ಲಾಪೆಟ್ಟಿಗೆ
ಅದನ್ನು ಆಮೇಲೆ ನೋಡೋಣ. ಗುರುವಾರ ಮೂರಕ್ಕೆ ಬನ್ನಿ, ಹಿಂದಿನ ಬಾಗಿಲಿನಿಂದ. ಮುಂದಿನ ಬಾಗಿಲಿನಿಂದ ಬಂದರೆ ಹುಡುಗರು ಗಿರಾಕಿ ಎಂದು ನೀರು ತಂದಿಡುತ್ತಾರೆ.

ಮುಲುಂಡ್ ಮಾಜಿ ಕ್ಯಾಷಿಯರ್
ಚಲನ್ ನಾನು ತರುತ್ತೇನೆ. ಪೆನ್ನುಗಳನ್ನು ನೀವು ಇಡಿ, ದಾರ ಕಟ್ಟಿ.